ಶಾರದೆಯ ಡ್ರಮ್ಮಿನಲ್ಲಿ ದೋಣಿ ಎಂಜಿನ್

ನಿಜ ಹೇಳುವವನನ್ನು ಜನ ಅಷ್ಟು ಸುಲಭವಾಗಿ ನಂಬುವುದಿಲ್ಲ ಎಂಬುದು ನನಗೆ ವ್ಯಾಪಾರಕ್ಕಿಳಿದ ಮೇಲೆ ತಿಳಿಯಿತು. ನನ್ನ ವ್ಯಾಪಾರವೂ ಸ್ವಲ್ಪ ವಿಚಿತ್ರದ್ದೇ. ಸಮುದ್ರವಿಲ್ಲದ ಬೆಂಗಳೂರಿನಲ್ಲಿ, ಅದೂ ತಣಿಸಂದ್ರದ ಬಾಡಿಗೆ ಮನೆಯ ಹಿತ್ತಲಲ್ಲಿ ಕೂತು, ಹಳೆಯ ದೋಣಿ ಎಂಜಿನ್ನುಗಳನ್ನು ಮಾರುತ್ತೇನೆ. ರೆಸಾರ್ಟಿನವರು ಬೇಡವೆಂದದ್ದನ್ನು ತಂದು, ಬಿಚ್ಚಿ, ತೊಳೆದು, ಜೋಡಿಸಿ, ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆ ಕೊಡುವುದು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಕೊಳ್ಳಲು ಬಂದವರು ಕೇಳುವ ಮೊದಲೇ ಎಂಜಿನ್ನಿನ ಕುಂದುಗಳನ್ನೆಲ್ಲ ಒಪ್ಪಿಸಿಬಿಡುವ ಚಟ ನನಗೆ. ಕಾಫಿ ಕುಡಿದು, "ಯೋಚ್ನೆ ಮಾಡಿ ಹೇಳ್ತೀವಿ ಸಾರ್" ಎಂದು ಹೋದವರು ಮತ್ತೆ ಫೋನ್ ಎತ್ತುವುದಿಲ್ಲ.

ಇದರಿಂದ ನನಗಿಂತ ಹೆಚ್ಚು ಕಷ್ಟ ನನ್ನ ಹೆಂಡತಿ ಶಾರದೆಗೆ. ದೋಣಿ ಎಂಜಿನ್ನನ್ನು ನೀರಿಗಿಳಿಸದೆ ಓಡಿಸಿ ತೋರಿಸುವಂತಿಲ್ಲ, ಸುಟ್ಟುಹೋಗುತ್ತದೆ. ಜಕ್ಕೂರು ಕೆರೆಗೆ ಒಯ್ದರೆ ಕಾವಲುಗಾರ ಅಟ್ಟುತ್ತಾನೆ. ಹಾಗಾಗಿ ಅವಳು ಟ್ಯಾಂಕರ್ ನೀರು ತುಂಬಿಸಿಡುವ ನೀಲಿ ಡ್ರಮ್ಮೇ ನನ್ನ ಅರಬ್ಬೀ ಸಮುದ್ರ. ಅದರ ಅಂಚಿಗೆ ಎಂಜಿನ್ ಸಿಕ್ಕಿಸಿ ಹಗ್ಗ ಎಳೆದರೆ ಒಣಹಾಕಿದ ಬಟ್ಟೆಯವರೆಗೂ ನೀರು ಚಿಮ್ಮುತ್ತದೆ. ಉಳಿದದ್ದರ ಮೇಲೆ ಎಣ್ಣೆ ತೇಲುತ್ತದೆ. ಈ ಬೇಸಿಗೆಯಲ್ಲಿ ಒಂದು ಎಂಜಿನ್ ಮಾರಾಟವಾಗದೆ ಅಲ್ಲೇ ಸಂಸಾರ ಹೂಡಿತು. "ಭಾನುವಾರದೊಳಗೆ ಇದು ಹೋಗ್ಲಿಲ್ಲ ಅಂದ್ರೆ ಗುಜರಿಯವನನ್ನ ಕರೀತೀನಿ" ಎಂದಳು. ಅವಳು ಹೇಳಿದರೆ ಮಾಡುವವಳೇ. ನನಗೆ ಗುಜರಿಗೆ ಹಾಕಲು ಮನಸ್ಸಿಲ್ಲ. ಅಷ್ಟು ಒಳ್ಳೆಯ ಎಂಜಿನ್ ಅದು.

ಭಾನುವಾರ ಬೆಳಿಗ್ಗೆ ಈರಣ್ಣ ಬಂದ. ಬಾಗಲಕೋಟೆ ಕಡೆಯವನು, ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕೆಲಸ. ಊರಿನಲ್ಲಿ ಮೀನು ಹಿಡಿಯುವ ಅಣ್ಣನಿಗಾಗಿ ಎಂಜಿನ್ ಹುಡುಕುತ್ತಿದ್ದ. ಇವತ್ತಾದರೂ ಬಾಯಿ ಮುಚ್ಚಿಕೊಂಡಿರಬೇಕೆಂದು ನಿಶ್ಚಯಿಸಿದ್ದೆ. ಆದರೆ ಆ ಅಣ್ಣ ನಡುನೀರಿನಲ್ಲಿ ಒಬ್ಬನೇ ಕೂತಿರುವುದು ಕಣ್ಣಿಗೆ ಕಟ್ಟಿ, "ತಣ್ಣಗಿದ್ದಾಗ ಸ್ವಲ್ಪ ಸತಾಯಿಸುತ್ತೆ. ನೀರು ತಳ್ಳೋ ಫ್ಯಾನಿನ ಒಂದು ರೆಕ್ಕೆಗೆ ಬೆಸುಗೆ ಹಾಕಿದೀನಿ" ಎಂದುಬಿಟ್ಟೆ.

"ಮಾರಾಂವ್ರು ನೀವ ಇಷ್ಟ್ ಹೇಳಾಕತ್ತೀರಂದ್ರ, ಹೇಳದಿದ್ದದ್ದು ಎಷ್ಟೈತ್ರೀ?" ಎಂದು ಅವನು ಬೆಲೆಯನ್ನು ಅರ್ಧಕ್ಕೆ ಇಳಿಸಿದ. ನಾನು ಮುಕ್ಕಾಲಿಗೆ ಬಂದೆ. ಅವನು ಚಪ್ಪಲಿ ಮೆಟ್ಟಿದ.

ಅಷ್ಟರಲ್ಲಿ ಶಾರದೆ ಬಕೆಟ್ ಕುಕ್ಕಿ ಹೊರಗೆ ಬಂದಳು. "ಹೇಳದೆ ಇರೋದನ್ನ ನಾನು ಹೇಳ್ತೀನಿ ಕೇಳಪ್ಪಾ. ಬೇಸಿಗೆಯೆಲ್ಲಾ ಬಂದೋರಿಗೆಲ್ಲಾ ಇದನ್ನ ಓಡಿಸಿ ತೋರಿಸಿದಾರೆ. ಹಾಳಾದ್ದು ಒಂದು ದಿನಾನಾದ್ರೂ ಕೆಟ್ಟು ನಿಂತಿದ್ರೆ ನನ್ನ ನೀರು ಉಳೀತಿತ್ತು!"

ಈರಣ್ಣ ಚಪ್ಪಲಿ ಬಿಟ್ಟ. "ಅಕ್ಕಾರ್ ಬೈಯೂದ ಖರೇ ಐತಿ. ತಗೋತೀನ್ರೀ" ಎಂದು ನನ್ನ ಮುಕ್ಕಾಲಿಗೆ ಒಪ್ಪಿದ. ಆಮೇಲೆ ನನ್ನನ್ನು ಬಿಟ್ಟು ಅವಳನ್ನೇ ಕೇಳಿದ: "ಮುಂದೇನರ ಆದ್ರ ಸಾಹೇಬ್ರು ಫೋನ್ ಎತ್ತತಾರಲ್ರೀ?"

"ಎತ್ತುತ್ತಾರೆ, ಆಮೇಲೆ ಇಡೋದೇ ಇಲ್ಲ. ಮಾತು ಜಾಸ್ತಿ, ಗೊರಕೆ ಬೇರೆ. ಸಂತೆಗೆ ಕಳಿಸಿದ್ರೆ ಮೊದಲು ಸಿಕ್ಕ ಅಂಗಡೀಲೇ ತಂದುಬಿಡ್ತಾರೆ" ಎಂದು ಶಾರದೆ ಸರಾಗವಾಗಿ ಒಪ್ಪಿಸತೊಡಗಿದಳು. ಒಂದೂ ಸುಳ್ಳಲ್ಲ. ನನಗೆ ಅವಳ ಮೇಲೆ ಸಿಟ್ಟಿಗಿಂತ ಪ್ರೀತಿಯೇ ಉಕ್ಕಿತು. ಈರಣ್ಣ ನಗು ತಡೆದುಕೊಂಡು, "ಲಗ್ನಕ್ಕಿಂತ ಮದ್ಲ ಸಾಹೇಬ್ರು ಇದೆಲ್ಲಾ ಹೇಳಿದ್ರೇನ್ರೀ ಅಕ್ಕಾರ?" ಎಂದ.

"ಎಲ್ಲಿ! ಹೆಣ್ಣು ನೋಡೋಕೆ ಬಂದಾಗ ಇವರ ತಾಯಿ 'ಹುಡುಗ ಅಪ್ಪಟ ಬಂಗಾರ' ಅಂದ್ರು. ಇವರು ಪಕ್ಕದಲ್ಲೇ ಕೂತು ಉಪ್ಪಿಟ್ಟು ತಿಂತಾ ಇದ್ರು."

ನಾನು ಎಂಜಿನ್ನಿನ ಒಂದು ತುದಿ ಹಿಡಿದು, ಇನ್ನೊಂದನ್ನು ಎತ್ತಪ್ಪಾ ಎಂದು ಈರಣ್ಣನಿಗೆ ಕಣ್ಣಿನಲ್ಲೇ ಹೇಳಿದೆ.