ಹರಿಹರ ತಾಲ್ಲೂಕಿನ ಸಮುದ್ರ

ರಾಜ್ಯದ ಕರಾವಳಿ ಗಣಕ ಮಾದರಿ ಕೇಂದ್ರವನ್ನು ೧೯೮೬ರಲ್ಲಿ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಸ್ಥಾಪಿಸಲಾಯಿತು. ಸಮುದ್ರದ ಉಪ್ಪುಗಾಳಿ ಕಂಪ್ಯೂಟರಿಗೆ ಆಗಿಬರುವುದಿಲ್ಲವೆಂದು ತಜ್ಞರು ತಿಳಿಸಿದ್ದರಿಂದ ಸಮುದ್ರವಿಲ್ಲದ ಊರನ್ನು ಹುಡುಕಲಾಗಿತ್ತು. ಈ ವಿಷಯದಲ್ಲಿ ದಾವಣಗೆರೆಗೆ ಯಾವ ಕೊರತೆಯೂ ಇರಲಿಲ್ಲ.

ಅಲೆ, ದಡ, ಆಳದ ಅಂಕಿಅಂಶ ಕೊಟ್ಟರೆ ಕಂಪ್ಯೂಟರು ಕರಾವಳಿಯ ನಕ್ಷೆ ಬಿಡಿಸಿ, ಎಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ಹೇಳುತ್ತಿತ್ತು. ಅಂಕಿಅಂಶ ತರಲು ಕಾರವಾರಕ್ಕೆ ಹೋಗಬೇಕು. ಪ್ರವಾಸದ ಮಂಜೂರಾತಿ ಇದ್ದದ್ದು ಹದಿನಾರು ಕಿಲೋಮೀಟರಿಗೆ. ಆದಕಾರಣ ಅಧಿಕಾರಿ ಸೂರಪ್ಪನವರು ಹರಿಹರಕ್ಕೆ ಹೋಗಿ ತುಂಗಭದ್ರೆಯನ್ನು ಅಳೆದುಕೊಂಡು ಬಂದರು. ನಮೂನೆಯಲ್ಲಿ ನದಿಗೆ ಕಾಲಂ ಇರಲಿಲ್ಲ. ಸಮುದ್ರದ ಕಾಲಂ ಖಾಲಿ ಬಿಡುವಂತಿರಲಿಲ್ಲ. ಹೀಗೆ ಹರಿಹರ ಕರಾವಳಿಯಾಯಿತು. ನಾನು ಕೇಂದ್ರದ ಬೆರಳಚ್ಚುಗಾರ. ಕಾಗುಣಿತ ತಿದ್ದುವುದಷ್ಟೇ ನನ್ನ ಕೆಲಸ, ಭೂಗೋಳ ತಿದ್ದುವುದಲ್ಲ.

ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಖತೀಜಾಬೀಯೊಬ್ಬರನ್ನು ಬಿಟ್ಟು. ಹೊಳೆದಂಡೆಯ ಅವರ ಮಂಡಕ್ಕಿ ಭಟ್ಟಿಯ ಸೂರು ಗಾಳಿಗೆ ಹಾರಿಹೋಗಿತ್ತು. ಮಳೆ ಹಿಡಿಯುವುದರೊಳಗೆ ಹೊಸದು ಹೊದಿಸದಿದ್ದರೆ ಒಲೆ ಕರಗಿ, ಭತ್ತ ಮೊಳೆತು, ಆರು ಮಂದಿಯ ಸಂಸಾರ ಬೀದಿಗೆ ಬೀಳುತ್ತಿತ್ತು. ಪರವಾನಗಿ ಕೇಳಿದ್ದಕ್ಕೆ, ಸಮುದ್ರದಿಂದ ಐನೂರು ಮೀಟರಿನೊಳಗೆ ಏನನ್ನೂ ಕಟ್ಟುವಂತಿಲ್ಲವೆಂಬ ನೋಟೀಸು ಬಂತು. ಅದನ್ನು ಹಿಡಿದು ಅವರು ನೇರ ಕೇಂದ್ರಕ್ಕೇ ಬಂದರು.

"ಸಾಹೇಬ್ರೆ, ಅದು ಹೊಳೆರೀ. ನಲವತ್ತು ವರ್ಷದಿಂದ ಕುಡೀತಿದೀನಿ, ಒಂದಿನಾನೂ ಉಪ್ಪಿಲ್ಲ."

"ಕಂಪ್ಯೂಟರು ಉಪ್ಪು ಕೇಳಿಲ್ಲಮ್ಮ," ಎಂದರು ಸೂರಪ್ಪನವರು. "ಉದ್ದ, ಅಗಲ, ಆಳ, ಅಷ್ಟೆ."

"ಒಂದ್ಸಲ ಬಂದು ನೋಡ್ರಿ."

"ನೋಡೇ ಅಳೆದಿರೋದು. ಕೂಡ್ರಿ."

ಅವರು ಕೂಡಲಿಲ್ಲ. "ಹಂಗಾರೆ ಸಮುದ್ರದ ದಂಡೆ ಮ್ಯಾಲೆ ಏನು ಕಟ್ಟಬೋದು, ಅದನ್ನಾರ ಹೇಳ್ರಿ. ಅದನ್ನೇ ಕಟ್ತೀನಿ."

ಇಷ್ಟು ಸರಿಯಾದ ಪ್ರಶ್ನೆಯನ್ನು ನಮ್ಮ ಕೇಂದ್ರದಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ನನಗಂತೂ ಎದ್ದು ಕೈಮುಗಿಯಬೇಕೆನಿಸಿತು. ಪ್ರಶ್ನೆಯನ್ನು ಕಂಪ್ಯೂಟರಿಗೆ ಹಾಕಲಾಯಿತು. ಒಂದೂವರೆ ಗಂಟೆಯ ನಂತರ ಉತ್ತರ ಬಂತು: ದೀಪಸ್ತಂಭ.

"ಬೆಂಕಿ ಐತಾ?" ಸೂರಪ್ಪನವರು ಕೇಳಿದರು.

"ಐತ್ರಿ."

"ಎತ್ತರ?"

"ಹೊಗೆಗೂಡು ತೆಂಗಿನಮರದಷ್ಟು ಐತೆ."

"ಆರದಂಗೆ ಉರೀತೈತಾ?"

"ಭತ್ತ ಇರೋತನ ಉರೀತೈತೆ."

ಮರುದಿನ ನಾನೇ ನಾಲ್ಕು ಪ್ರತಿಗಳಲ್ಲಿ ಪ್ರಕಟಣೆ ಬೆರಳಚ್ಚು ಮಾಡಿದೆ: "ಹರಿಹರ ತಾಲ್ಲೂಕು ಸಮುದ್ರತೀರದಲ್ಲಿ ಶ್ರೀಮತಿ ಖತೀಜಾಬೀ ಇವರ ದೀಪಸ್ತಂಭಕ್ಕೆ ತಗಡಿನ ಸೂರು ಹೊದಿಸಲು ಅನುಮತಿಸಿದೆ. ಸದರಿಯವರು ನೌಕಾಯಾನಕ್ಕೆ ಭಂಗ ಬಾರದಂತೆ ಮಂಡಕ್ಕಿ ಹುರಿಯತಕ್ಕದ್ದು."

ತಗಡು ಹೊದಿಸಿದ ಮೂರನೆಯ ದಿನ ಮಳೆ ಹಿಡಿಯಿತು. ಭಟ್ಟಿ ಉಳಿಯಿತು. ನನಗೆ ನಿಜಕ್ಕೂ ಸಂತೋಷವಾಯಿತು.

ವರ್ಷದ ಕೊನೆಗೆ ಬೆಂಗಳೂರಿನಿಂದ ಮೌಲ್ಯಮಾಪನ ಸಮಿತಿ ಬಂತು. ಮೂವರು ಸದಸ್ಯರೂ ದೀಪಸ್ತಂಭದ ಬಾಗಿಲಲ್ಲಿ ಕೂತು ಬಿಸಿ ಮಂಡಕ್ಕಿಯನ್ನು ಮೆಣಸಿನಕಾಯಿ ಬಜ್ಜಿಯೊಂದಿಗೆ ಪರಿಶೀಲಿಸಿ, ಇನ್ನೊಮ್ಮೆ ತರಿಸಿ ಪರಿಶೀಲಿಸಿದರು. ಗಣಕ ಮಾದರಿ ಪೂರ್ಣ ಯಶಸ್ವಿಯಾಗಿದೆಯೆಂದೂ, ದೀಪಸ್ತಂಭ ಆರಂಭವಾದಂದಿನಿಂದ ಹರಿಹರದ ಸಮುದ್ರದಲ್ಲಿ ಒಂದೂ ಹಡಗು ಮುಳುಗಿಲ್ಲವೆಂದೂ ವರದಿ ಬರೆದರು. ಕೆಳಗೆ ದೀಪಪಾಲಕರ ಹೆಬ್ಬೆಟ್ಟು ಬೇಕಿತ್ತು.

"ಹಿಂಗೆ ಬರೆದಾರೆ. ಖರೇನಾ ಅಮ್ಮ?" ಎಂದು ಸೂರಪ್ಪನವರು ವರದಿ ಓದಿ ಕೇಳಿದರು.

ಖತೀಜಾಬೀ ಹೊಳೆಯ ಕಡೆ ಒಮ್ಮೆ ನೋಡಿದರು. ಆಮೇಲೆ ತಲೆಯ ಮೇಲಿನ ತಗಡನ್ನು ನೋಡಿದರು.

"ಖರೇ ಐತ್ರಿ ಸಾಹೇಬ್ರೆ. ನಾನಿರೋತನ ಒಂದೂ ಮುಳುಗಾಕ ಬಿಡಂಗಿಲ್ಲ," ಎಂದು ಹೆಬ್ಬೆಟ್ಟು ಒತ್ತಿ, ಒಲೆಗೆ ಇನ್ನೊಂದು ಬುಟ್ಟಿ ಹೊಟ್ಟು ಸುರಿದರು.