ಅಳಿಯನೊಡನೆ ಯುದ್ಧಕ್ಕೆ ಹೋದದ್ದು

ಅಳಿಯನ ಜೊತೆ ಏನು ಮಾತಾಡಬೇಕೆಂದು ಮಾವಂದಿರಿಗೆ ಯಾರೂ ಕಲಿಸಿಕೊಡುವುದಿಲ್ಲ. ಬಸ್ಸು ಸಿಕ್ಕಿತೇ, ಮಳೆ ಆಯಿತೇ, ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳಿದರೆ ನನ್ನ ಸರಕು ಖಾಲಿ. ಆಮೇಲೆ ನಾನು ಗೋಡೆ ನೋಡುತ್ತೇನೆ, ಅವನು ಜಮಖಾನದ ಮೇಲಿನ ನವಿಲು ನೋಡುತ್ತಾನೆ. ಅವನನ್ನು 'ಅವನು' ಅನ್ನುವುದು ನಿಮ್ಮೆದುರು ಮಾತ್ರ. ಅವನೆದುರು 'ರೀ' ಬಿಟ್ಟು ಮಾತಿಲ್ಲ.

ಇಂಥ ನನ್ನ ಮೇಲೆ ಭಾರಿ ಹೊಣೆ ಬಿತ್ತು. ಮಗಳು ಶಿಲ್ಪಾ ಕುಬಿಹಾಳದ ಗಂಡನ ಮನೆಯಿಂದ ಬ್ಯಾಗು ಸಮೇತ ನವಲಗುಂದಕ್ಕೆ ನಮ್ಮಲ್ಲಿ ಬಂದು ಕೂತಳು. ಗಂಡ ಮಂಜುನಾಥ ಅಂಗಡಿ ಮುಚ್ಚಿ ಬಂದವನೇ ಮೊಬೈಲಿನ ಆಟದಲ್ಲಿ ಬಂದೂಕು ಹಿಡಿದರೆ ರೊಟ್ಟಿ ಆರಿದರೂ ಏಳುವುದಿಲ್ಲವಂತೆ. ಇವಳು ಮಾತಾಡಿಸಿದರೆ 'ಹೂಂ' ಅನ್ನುತ್ತಾನಂತೆ, ಅದೂ ಆಟದಲ್ಲಿರುವ ಇನ್ಯಾರಿಗೋ. ಅವನೇ ಬಂದು ಕರೆಯುವವರೆಗೆ ಹೋಗುವುದಿಲ್ಲ ಎಂದಳು. "ನೀವ ಹೇಳ್ರಿ ಅಳಿಯಗ," ಎಂದಳು ನನ್ನ ಹೆಂಡತಿ. ನೆಟ್ಟಗೆ ಹೇಳುವ ಧೈರ್ಯ ಎಲ್ಲಿಂದ ತರಲಿ? ಫೋನು ಮಾಡಿ, ಆ ಆಟ ನನಗೂ ಕಲಿಸಿರಿ ಎಂದುಬಿಟ್ಟೆ. ಆಡುತ್ತಾ ಆಡುತ್ತಾ ವಿಷಯ ತೆಗೆದರಾಯಿತು ಎಂಬ ಲೆಕ್ಕಾಚಾರ.

ಆಟ ಕೆಟ್ಟದ್ದೇನಲ್ಲ ನೋಡಿ. ನಮ್ಮ ಎರಡು ಕೈ, ಒಂದು ಬಂದೂಕು, ಇಷ್ಟೇ ಕಾಣುವುದರಿಂದ ನಾವೇ ಯುದ್ಧದಲ್ಲಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ. ಹಿಂದಿನಿಂದ ಬರುವವನ ಹೆಜ್ಜೆ ಸಹ ಕಿವಿಗೆ ಬೀಳುತ್ತದೆ. ಸತ್ತವನು ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಮುಂದಿನ ಆಟಕ್ಕೆ ಬರುತ್ತಾನೆ. ಬೀಗರಲ್ಲಿ ಇಷ್ಟು ಒಳ್ಳೆಯತನ ನಾನು ಕಂಡಿಲ್ಲ. ಆದರೆ ಅದನ್ನು ಮಾಡಿದವರು ಎರೆಮಣ್ಣು ಕಂಡವರಲ್ಲ. ಧೋ ಎನ್ನುವ ಮಳೆಯಲ್ಲಿ ಹೊಲದ ತುಂಬ ಓಡಿದರೂ ಬೂಟಿಗೆ ಚೂರು ಕೆಸರು ಹತ್ತುವುದಿಲ್ಲ. ನಮ್ಮ ಪಕ್ಕದ ಊರು ಮೊರಬದ ಹೊಲದಲ್ಲಿ ಆ ಸೈನಿಕ ಒಮ್ಮೆ ಓಡಲಿ, ಬೂಟು ಅಲ್ಲೇ ಉಳಿದು ಅವನೊಬ್ಬನೇ ಮುಂದೆ ಹೋಗುತ್ತಾನೆ. ಇನ್ನು ಯಾಕೆ ಹೊಡೆದಾಡುತ್ತಿದ್ದೇವೆ ಎಂದು ಕೇಳಿದರೆ ಅಳಿಯನಿಗೂ ಗೊತ್ತಿಲ್ಲ.

ಭಾನುವಾರ ಮಧ್ಯಾಹ್ನ ಅವನು ಅಲ್ಲಿ, ನಾನು ಇಲ್ಲಿ ಕೂತು ಯುದ್ಧ ಶುರುಮಾಡಿದೆವು. ಒಂದು ಮುರುಕು ಮನೆಯ ಬಾಗಿಲಿಗೆ ಬಂದೆವು, ಒಳಗೆ ವೈರಿ. ಅಳಿಯನನ್ನು ಹಿಂದೆ ಬಿಟ್ಟು ಮಾವ ಹೊಸ್ತಿಲು ದಾಟುವುದುಂಟೇ? "ನಡೀರಿ," ಎಂದೆ ಫೋನಿನೊಳಗೆ.

"ಏ, ನೀವ ಹಿರ್ಯಾರದೀರಿ, ನೀವ ನಡೀರಿ," ಎಂದ ಅವನು.

ಛೇ ಛೇ ಎಂದು ನಾನು, ಇಲ್ಲ ಇಲ್ಲ ಎಂದು ಅವನು. ವೈರಿ ಇಬ್ಬರನ್ನೂ ಹೊಸ್ತಿಲಲ್ಲೇ ಮಲಗಿಸಿದ. ಮತ್ತೆ ಆಡಿದೆವು. ಬೇರೆ ಬಾಗಿಲು, ಅದೇ ಉಪಚಾರ, ಅದೇ ಸಾವು. ಮಗಳ ವಿಷಯ ಮಾತ್ರ ನನ್ನ ಬಾಯಿಂದ ಹೊರಡಲಿಲ್ಲ.

ಶಿಲ್ಪಾ ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. ತಡೆಯಲಾರದೆ ಫೋನು ಕಸಿದುಕೊಂಡಳು. "ಇಬ್ರೂ ಬೀಗರ ಮನಿಗೆ ಊಟಕ್ಕ ಹೊಂಟೀರೇನ್ರಿ? ನಾ ಒಳಗ ಹೋಗ್ತೀನಿ, ನೀವ ಕಿಟಕಿ ಕಡೆ ನೋಡ್ರಿ," ಎಂದು ಗಂಡನಿಗೆ ಗದರಿದಳು. ಗಂಡ ಹೆಂಡತಿ ಕೂಡಿ ಆ ಮನೆ ಗೆದ್ದರು. ಆಟ ಮುಗಿದರೂ ಫೋನು ನನಗೆ ಸಿಗಲಿಲ್ಲ. ಹಿತ್ತಲಿಗೆ ಒಯ್ದು ಮಾತಾಡಿದಳು, ಅತ್ತಳು, ನಕ್ಕಳು. ಮರುದಿನ ಅವನೇ ಬಂದು ಕರೆದುಕೊಂಡು ಹೋದ. ರೊಟ್ಟಿ ಬಿಸಿ ಇರುವಾಗ ಊಟ, ಆಮೇಲೆ ಕೂಡಿಯೇ ಆಟ ಎಂದು ರಾಜಿಯಂತೆ. ನನ್ನ ಜೀವ ಹಗುರಾಯಿತು.

ಕೆಲವು ದಿನ ಬಿಟ್ಟು ನಾನೇ ಫೋನು ಮಾಡಿ, ನಿಮ್ಮಿಬ್ಬರ ಜೊತೆ ಮೂರನೆಯವನಾಗಿ ಬರಲೇ ಎಂದು ಕೇಳಿದೆ. ಅಳಿಯ ಕೆಮ್ಮಿ, ಫೋನನ್ನು ಹೆಂಡತಿಗೆ ಕೊಟ್ಟ.

"ಅಪ್ಪಾ, ಮೂರನೇದವ್ರು ನಮ್ಮ ಅತ್ತಿಯಾರು ಆಗ್ಯಾರಪಾ," ಎಂದಳು ಶಿಲ್ಪಾ. "ಅವರು ಯಾರ ಮನಿ ಇದ್ರೂ ಸೀದಾ ಒಳಗ ಹೊಕ್ತಾರ."

ಬೀಗತಿಯ ಈ ಗುಣ ಮದುವೆ ಮಾತುಕತೆಯ ದಿನದಿಂದಲೂ ನನಗೆ ಗೊತ್ತು. ಆಗ ಅದನ್ನು ದೊಡ್ಡ ಐಬು ಎಂದುಕೊಂಡಿದ್ದೆ. ಈಗ ಅದನ್ನೇ ಕಲಿಯಲು ಒಬ್ಬನೇ ಕೂತು ಅಭ್ಯಾಸ ಮಾಡುತ್ತಿದ್ದೇನೆ; ಬಾಗಿಲು ಬಂತೆಂದರೆ ಮಾತ್ರ ಕಾಲು ತಾನಾಗಿಯೇ ನಿಂತುಬಿಡುತ್ತದೆ.