ಬೆಳಕಿಗೆ ಕಾಯುವ ಗೆಳೆಯ

ನನ್ನ ಗೆಳೆಯನ ಬಳಿ ಇದ್ದಂಥ ಕ್ಯಾಮೆರಾ ಇಡೀ ಕಾರವಾರದಲ್ಲಿ ಇನ್ನೊಂದಿರಲಿಕ್ಕಿಲ್ಲ. ಅಂಥದ್ದನ್ನು ಇಟ್ಟುಕೊಂಡು ಅವನಷ್ಟು ಕಡಿಮೆ ಫೋಟೋ ತೆಗೆದವರೂ ಇರಲಿಕ್ಕಿಲ್ಲ!

ಪ್ರತಿ ಭಾನುವಾರ ಬೆಳಗಿನ ಐದೂವರೆಗೆ ಬಿಣಗಾದ ನಮ್ಮ ಮನೆಯೆದುರು ಅವನ ಸ್ಕೂಟರ್ ಹಾರ್ನ್ ಕೇಳುತ್ತಿತ್ತು. ಅವನಿಗೆ ಬೇಕಾದ್ದು ನಿಸರ್ಗದ ಚಿತ್ರ ಮಾತ್ರ. ಚೌಕಟ್ಟಿನೊಳಗೆ ಮನುಷ್ಯರು ಬರಕೂಡದು. ಹಿಂದೆ ಕುಳಿತು ಮೂರು ಕಾಲಿನ ಸ್ಟ್ಯಾಂಡನ್ನು ಬಂದೂಕಿನಂತೆ ಹೆಗಲಿಗೇರಿಸಿಕೊಳ್ಳುವುದು ನನ್ನ ಕೆಲಸ. ಕ್ಯಾಮೆರಾ ಮುಟ್ಟುವ ಹಕ್ಕು ಅವನ ಹೆಂಡತಿಗೇ ಇರಲಿಲ್ಲ, ಇನ್ನು ನನಗೆಲ್ಲಿಯದು?

ಒಮ್ಮೆ ಶೆಟಗೇರಿಯ ಗದ್ದೆಯಂಚಿನಲ್ಲಿ ಬೆಳಕಿಗೆ ಕಾದೆವು. ಬೆಳಕು ಬಂತು. ಜೊತೆಗೆ ಸಸಿಯ ಕಟ್ಟು ಹೊತ್ತ ಅಜ್ಜಿಯೊಬ್ಬಳೂ ಬಂದಳು.

"ಅಮ್ಮಾ, ಸ್ವಲ್ಪ ಆಚೆ ಹೋಗ್ತ್ರಾ? ಗದ್ದೆ ಫೋಟೋ ತೆಗೀಬೇಕಿತ್ತು" ಎಂದ ಇವನು.

"ನಾ ಆಚೆ ಹೋದ್ರೆ ನಟ್ಟಿ ಮಾಡೂರು ಯಾರು? ನೀ ಮಾಡ್ತ್ಯಾ?"

ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇವನು ಪ್ಯಾಂಟು ಮಡಚಿ ಗದ್ದೆಗಿಳಿದ. ಹತ್ತು ಗಂಟೆಗೆ ನಾವು ಅಜ್ಜಿಯ ಜಗಲಿಯಲ್ಲಿ ಗಂಜಿ ಉಣ್ಣುತ್ತಿದ್ದೆವು. ಅವನು ನೆಟ್ಟ ಸಾಲನ್ನು ಅಜ್ಜಿ ಕಿತ್ತು ಮತ್ತೆ ನೆಟ್ಟಳು, ಅದು ಬೇರೆ ಮಾತು. ಅಂದು ಒಂದೂ ಫೋಟೋ ಇಲ್ಲ.

ಅಂಕೋಲೆಯ ಕಡಲ ದಂಡೆಯಲ್ಲೂ ಅದೇ ಕಥೆ. ಖಾಲಿ ಸಮುದ್ರ ಬೇಕೆಂದು ಹೋದವನು ಬಲೆ ಎಳೆಯುವವರ ಸಾಲಿಗೆ ಸೇರಿ ಊರ ಸುದ್ದಿ ಶುರುಮಾಡಿದ. "ಬಲೆ ಎಳೀರಿ ಅಂದ್ರೆ ನೀವು ಮಾತೇ ಎಳೀತ್ರಲ್ಲ" ಎಂದ ಪಕ್ಕದ ಮೀನುಗಾರ. ಆದರೂ ಬರುವಾಗ ಮೀನಿನ ಪಾಲು ಕೊಟ್ಟರು. ಮನೆ ಮುಟ್ಟುವಾಗ ಕ್ಯಾಮೆರಾ ಅವನ ಕೊರಳಲ್ಲಿ, ಬಂಗಡೆ ಕ್ಯಾಮೆರಾದ ಚೀಲದಲ್ಲಿ!

ಕಳೆದ ತಿಂಗಳು ಮತ್ತೆ ಆ ದಂಡೆಗೆ ಹೋಗಿ ಬಂಡೆಗಳ ಮೇಲೇರಿದೆವು. ಹತ್ತಿರ ಯಾರೂ ಇಲ್ಲ. ಅವನು ಬಯಸಿದ ಬೆಳಕು, ಬಯಸಿದ ಖಾಲಿ ಕಡಲು. ಕೊರಳ ಪಟ್ಟಿ ತೆಗೆದು ಕ್ಯಾಮೆರಾ ಕಣ್ಣಿಗೆ ಹಿಡಿದ. ಅಷ್ಟರಲ್ಲಿ ಪಾಚಿಯ ಮೇಲೆ ನನ್ನ ಕಾಲು ಜಾರಿತು. ಕೆಳಗೆ ಅಲೆ ಬಡಿಯುವ ಸಂದು. ಅವನು ಎರಡೂ ಕೈಗಳಿಂದ ನನ್ನ ಮಣಿಕಟ್ಟು ಹಿಡಿದ. ಕ್ಯಾಮೆರಾ ಬಂಡೆಗೆ ತಾಗಿ ನೀರಿಗೆ ಬಿತ್ತು.

ಮೇಲೆ ಬಂದವನೇ, "ನಿನ್ನ ಕ್ಯಾಮೆರಾ..." ಎಂದೆ.

"ಸುಮ್ಮಂಗಿರು ಮಾರಾಯಾ. ನಿಂಗೆಲ್ಲಾದ್ರೂ ತಾಗ್ತಾ?"

ಅವನು ನೀರಿನತ್ತ ತಿರುಗಿಯೂ ನೋಡಲಿಲ್ಲ. ಸ್ಕೂಟರ್ ತನಕ ನನ್ನ ಕೈ ಬಿಡಲಿಲ್ಲ. ಐವತ್ತು ದಾಟಿದ ಇಬ್ಬರು ಗಂಡಸರು ಕೈ ಹಿಡಿದು ನಡೆಯುವುದನ್ನು ದಂಡೆಯ ಹೆಂಗಸರು ಮೀನಿನ ಬುಟ್ಟಿ ಇಳಿಸಿ ನೋಡಿದರು. ನಾನೂ ಬಿಡಿಸಿಕೊಳ್ಳಲಿಲ್ಲ.